ಚಿತ್ರದುರ್ಗ: ನೀರಿದ್ದಲ್ಲಿ ಊರು, ಜನರಿದ್ದಷ್ಟು ದಿನ ಕೋಟೆ

ಚಿತ್ರದುರ್ಗದ ಕೋಟೆಯನ್ನು ನಾನು ಮೊದಲು ನೋಡಿದ್ದು ಹೈಸ್ಕೂಲಿನ ಪ್ರವಾಸದಲ್ಲಿ. ಬಸ್ಸಿನಿಂದ ಇಳಿಸಿ, ಎರಡು ಸಾಲು ಮಾಡಿ ನಿಲ್ಲಿಸಿ, ತಲೆ ಎಣಿಸಿ, ನೇರ ಓಬವ್ವನ ಕಿಂಡಿಯ ಹತ್ತಿರ ಕರೆದುಕೊಂಡು ಹೋಗಿದ್ದರು. ಆ ಕಿಂಡಿಯಲ್ಲಿ ಯಾರು ನುಸುಳಿ ಆಚೆ ಹೋಗುತ್ತಾರೆ ಎಂಬುದೇ ನಮಗೆ ಆ ದಿನದ ದೊಡ್ಡ ಸುದ್ದಿ. ವಾಪಸ್ ಬಂದು ಪ್ರಬಂಧ ಬರೆಯುವಾಗ ಏಳು ಸುತ್ತಿನ ಕೋಟೆ, ಮದಕರಿ ನಾಯಕ, ಹೈದರಾಲಿ, ಒನಕೆ ಎಂದು ನಾಲ್ಕು ಮಾತು ಬರೆದು ಪುಟ ತುಂಬಿಸಿದ್ದೆ.

ಎರಡನೇ ಸಲ ಹೋದಾಗ ಪತ್ರಿಕೋದ್ಯಮದ ವಿದ್ಯಾರ್ಥಿ. ಗ್ರಾಮೀಣ ವರದಿಗಾರಿಕೆ ಕಲಿಸುತ್ತಿದ್ದ ಮೇಷ್ಟ್ರು ನಮಗೆ ಒಂದು ಅಭ್ಯಾಸ ಹಾಕಿಕೊಟ್ಟಿದ್ದರು. ಯಾವ ಊರಿಗೆ ಹೋದರೂ ಅಲ್ಲಿನ ಜನ ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂದು ಮೊದಲು ಕೇಳಬೇಕು, ಅದು ಗೊತ್ತಾದರೆ ಆ ಊರಿನ ಅರ್ಧ ಇತಿಹಾಸ ಗೊತ್ತಾದಂತೆ ಎನ್ನುತ್ತಿದ್ದರು. ಆ ಪ್ರಶ್ನೆ ಹಿಡಿದುಕೊಂಡೇ ಅವತ್ತು ಕೋಟೆ ಹತ್ತಿದೆ. ಸಾವಿರಾರು ಜನ, ಆನೆ, ಕುದುರೆ, ದನಕರು ಇದ್ದ ಕೋಟೆ ಇದು. ಪಕ್ಕದಲ್ಲಿ ನದಿಯಿಲ್ಲ. ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು. ಕಣ್ಣು ಹಾಯಿಸಿದಲ್ಲೆಲ್ಲ ಬಂಡೆ. ಇಷ್ಟು ಜನ ಏನು ಕುಡಿದು ಬದುಕಿದರು?

ಈ ಒಂದು ಪ್ರಶ್ನೆಯ ಬೆನ್ನು ಹತ್ತಿದರೆ ದುರ್ಗದ ಇತಿಹಾಸ ಸ್ವಲ್ಪ ಬೇರೆ ತರಹ ಕಾಣುತ್ತದೆ. ಯಾರು ಗೆದ್ದರು, ಯಾರು ಸೋತರು ಎಂಬ ಕಥೆಯ ಕೆಳಗೆ ಇನ್ನೊಂದು ಕಥೆ ಇದೆ. ಜನ ನೀರಿನ ಹತ್ತಿರ ಬಂದು ನೆಲೆಸಿದ್ದು, ಆಮೇಲೆ ನೀರನ್ನೇ ಬೆಟ್ಟದ ಮೇಲೆ ನಿಲ್ಲಿಸಲು ಕಲಿತದ್ದು, ಕೊನೆಗೆ ಆ ನೀರನ್ನು ಬಿಟ್ಟು ಕೆಳಗಿಳಿದದ್ದು. ಆ ಕಥೆಯನ್ನು ಮೊದಲಿಂದ ಹೇಳಲು ಇಲ್ಲಿ ಪ್ರಯತ್ನಿಸಿದ್ದೇನೆ.

ಬೆಟ್ಟದ ಬುಡದ ಮೊದಲ ಊರು

ಕೋಟೆ ಕಟ್ಟುವುದಕ್ಕೆ ಸಾವಿರ ವರ್ಷಕ್ಕೂ ಮೊದಲೇ ಇಲ್ಲಿ ಊರಿತ್ತು. ಆದರೆ ಅದು ಬೆಟ್ಟದ ಮೇಲಲ್ಲ, ಬುಡದಲ್ಲಿ. ಕೋಟೆಯ ಪಶ್ಚಿಮಕ್ಕೆ ಚಂದ್ರವಳ್ಳಿ ಎಂಬ ಕಣಿವೆಯಿದೆ. ಚಿತ್ರದುರ್ಗ, ಕಿರುಬನಕಲ್ಲು, ಚೋಳಗುಡ್ಡ ಎಂಬ ಮೂರು ಬೆಟ್ಟಗಳ ನಡುವೆ ಇರುವ ಜಾಗ. ಸುತ್ತಲಿನ ಬಂಡೆಗಳ ಮೇಲೆ ಬಿದ್ದ ಮಳೆಯೆಲ್ಲ ಇಲ್ಲಿಗೆ ಇಳಿಯುತ್ತದೆ. ಈಗಲೂ ಅಲ್ಲಿ ಕೆರೆಯಿದೆ.

1929ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಇಲ್ಲಿ ಉತ್ಖನನ ಮಾಡಿಸಿದರು. 1947ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವೀಲರ್ ಮತ್ತೆ ಅಗೆಸಿದರು. ಅದೇ ವರ್ಷ ಅವರು ಇದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲೂ ಉತ್ಖನನ ನಡೆಸಿದ್ದರು. ಅಶೋಕನ ಶಾಸನ ಸಿಕ್ಕ ಬ್ರಹ್ಮಗಿರಿ ಅದು. ಅಂದರೆ ನಾವು ಬರಗಾಲದ ಜಿಲ್ಲೆ ಎಂದು ಕರೆಯುವ ಈ ಸೀಮೆಯಲ್ಲಿ ಕ್ರಿಸ್ತಪೂರ್ವದಲ್ಲೇ ಊರುಗಳು ತಳವೂರಿದ್ದವು.

ಚಂದ್ರವಳ್ಳಿಯ ಮಣ್ಣಿನಲ್ಲಿ ಸಿಕ್ಕಿದ್ದೇನು? ಬೃಹತ್ ಶಿಲಾಯುಗದವರ ಮಡಕೆ ಚೂರುಗಳು, ಶಾತವಾಹನರ ಸೀಸದ ನಾಣ್ಯಗಳು, ಜೊತೆಗೆ ರೋಮ್ ಸಾಮ್ರಾಜ್ಯದ ಅಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು. ಎರಡು ಸಾವಿರ ವರ್ಷದ ಹಿಂದೆ ರೋಮಿನ ಬೆಳ್ಳಿ ನಮ್ಮ ಬಯಲುಸೀಮೆಯ ಒಂದು ಕಣಿವೆಯವರೆಗೆ ಬಂದಿತ್ತು ಎಂದರೆ ಇದು ದಾರಿ ತಪ್ಪಿದ ಹಟ್ಟಿಯಲ್ಲ, ವ್ಯಾಪಾರ ನಡೆಯುತ್ತಿದ್ದ ಊರು.

ಚಂದ್ರವಳ್ಳಿಯ ಇನ್ನೊಂದು ದಾಖಲೆ ನನಗೆ ನಾಣ್ಯಗಳಿಗಿಂತ ಮುಖ್ಯ ಎನಿಸುತ್ತದೆ. ಭೈರವೇಶ್ವರ ದೇವಸ್ಥಾನದ ಹತ್ತಿರದ ಬಂಡೆಯೊಂದರ ಮೇಲೆ ಕದಂಬ ವಂಶದ ಸ್ಥಾಪಕ ಮಯೂರಶರ್ಮನ ಶಾಸನವಿದೆ. ಕ್ರಿ.ಶ. 4ನೇ ಶತಮಾನದ್ದು, ಭಾಷೆ ಪ್ರಾಕೃತ. ಅದರಲ್ಲಿ ಪಲ್ಲವ, ಆಭೀರ, ತ್ರೈಕೂಟ, ಪುನ್ನಾಟ ಎಂದೆಲ್ಲ ರಾಜ್ಯಗಳ ಹೆಸರುಗಳಿವೆ ಎಂದು ಎಂ.ಎಚ್. ಕೃಷ್ಣ ಓದಿದರು. ಮಯೂರಶರ್ಮ ಇವರನ್ನೆಲ್ಲ ನಿಜಕ್ಕೂ ಗೆದ್ದನೇ, ಆ ಸಾಲುಗಳನ್ನು ಹಾಗೆಯೇ ಓದಬೇಕೇ ಎಂದು ವಿದ್ವಾಂಸರು ಇವತ್ತಿಗೂ ಒಪ್ಪಿಕೊಂಡಿಲ್ಲ. ಆದರೆ ಒಂದು ವಿಷಯದಲ್ಲಿ ಜಗಳವಿಲ್ಲ. ಆ ಶಾಸನ ಹಾಕಿಸಿದ್ದು ಕೆರೆಯ ಕೆಲಸಕ್ಕಾಗಿ. ಕನ್ನಡ ನಾಡಿನ ಮೊದಲ ರಾಜವಂಶವೊಂದರ ಮೊದಲ ದಾಖಲೆಗಳಲ್ಲಿ ಒಂದು ಕೆರೆಯ ಏರಿಯ ಪಕ್ಕದಲ್ಲಿ ಕೂತಿದೆ. ಗೆಲುವಿನ ಮಾತು ಅನುಮಾನಕ್ಕೆ ಬಿತ್ತು, ಕೆರೆಯ ಮಾತು ಉಳಿಯಿತು.

ಊರು ಬೆಟ್ಟ ಹತ್ತಿದ್ದು

ಬಯಲಿನ ಊರಿಗೆ ನೀರು ಸುಲಭ, ರಕ್ಷಣೆ ಕಷ್ಟ. ಬೆಟ್ಟದ ಮೇಲೆ ಇದಕ್ಕೆ ತದ್ವಿರುದ್ಧ. ಚಿತ್ರದುರ್ಗದ ಬೆಟ್ಟ ಒಂದೇ ಗುಡ್ಡವಲ್ಲ. ದೊಡ್ಡ ದೊಡ್ಡ ಗ್ರಾನೈಟ್ ಗುಂಡುಗಳು ಒಂದರ ಮೇಲೊಂದು ಬಿದ್ದು ಆದ ಬೆಟ್ಟಗಳ ಗುಂಪು. ಅತಿ ಎತ್ತರದ ತುದಿ ಸಮುದ್ರಮಟ್ಟದಿಂದ 976 ಮೀಟರ್. ಗುಂಡುಗಳ ನಡುವೆ ಒಬ್ಬರೇ ತೂರುವಂಥ ಸಂದುಗಳು, ಒಳಗೆ ಅನಿರೀಕ್ಷಿತವಾಗಿ ತೆರೆದುಕೊಳ್ಳುವ ಬಯಲು. ಪ್ರಕೃತಿಯೇ ಅರ್ಧ ಗೋಡೆ ಕಟ್ಟಿಟ್ಟಿದೆ. ಮನುಷ್ಯ ಉಳಿದ ಸಂದುಗಳನ್ನು ಮುಚ್ಚಿದರೆ ಸಾಕು.

ಹೊಯ್ಸಳರ ಕಾಲದ ಶಾಸನಗಳಲ್ಲಿ ಈ ಊರಿನ ಹೆಸರು ಬೆಮ್ಮತ್ತನೂರು, ಬೆಮ್ಮತ್ತನಕಲ್ಲು. ಹೊಯ್ಸಳರ ಅಧಿಕಾರಿ ಪೆರುಮಾಳೆ ದಂಡನಾಯಕನ ಹೆಸರಿನಿಂದ ಪೆರುಮಾಳೆಪುರ ಎಂಬ ಹೆಸರೂ ಬಂತು. 14ನೇ ಶತಮಾನದ ನಡುವಿನ ಹೊತ್ತಿಗೆ ಇಲ್ಲಿ ವಿಜಯನಗರದ ಪರವಾಗಿ ಮಲ್ಲಿನಾಥ ಒಡೆಯ ಆಡಳಿತ ಮಾಡುತ್ತಿದ್ದ. ಅಷ್ಟರಲ್ಲಿ ಬೆಟ್ಟದ ಮೇಲಿನ ಸಿದ್ಧೇಶ್ವರ, ಹಿಡಿಂಬೇಶ್ವರ ದೇವಸ್ಥಾನಗಳಿಗೆ ಜನ ನಡೆದುಕೊಳ್ಳುತ್ತಿದ್ದರು. ಭೀಮ ಹಿಡಿಂಬನನ್ನು ಕೊಂದದ್ದು ಇಲ್ಲೇ ಎಂಬ ಐತಿಹ್ಯವಿದೆ. ಹಿಡಿಂಬೇಶ್ವರ ಗುಡಿಯಲ್ಲಿ ಹಿಡಿಂಬನ ಹಲ್ಲು ಎಂದು ಒಂದು ಮೂಳೆಯನ್ನು ಇಟ್ಟುಕೊಂಡು ಬಂದಿದ್ದಾರೆ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಮೇಲುದುರ್ಗದ ಹಳೆಯ ಗುಡಿಗಳ ಆಸುಪಾಸು ನೀರು ಕಾಣುತ್ತದೆ. ಸಣ್ಣ ದೊಣೆ, ಹೊಂಡ, ಬಂಡೆಯ ಸಂದಿನಲ್ಲಿ ಜಿನುಗುವ ಒರತೆ. ಸನ್ಯಾಸಿಗಳು, ಪೂಜಾರಿಗಳು, ದನ ಮೇಯಿಸುವವರು ಮೊದಲು ಕಂಡುಕೊಂಡದ್ದು ಈ ನೀರನ್ನೇ ಇರಬೇಕು. ಸೈನ್ಯ ಬಂದದ್ದು ಅವರ ನಂತರ. ನಮ್ಮ ಹಳ್ಳಿಗಳ ಬೆಟ್ಟಗಳಲ್ಲೂ ಹೀಗೆಯೇ ಅಲ್ಲವೇ? ದೇವರ ಗುಡ್ಡ ಎಂದರೆ ಅಲ್ಲೊಂದು ಬತ್ತದ ದೊಣೆ ಇದ್ದೇ ಇರುತ್ತದೆ.

ನಾಯಕರ ಇನ್ನೂರು ವರ್ಷ

ಈಗ ನಾವು ನೋಡುವ ಕೋಟೆಯ ಬಹುಪಾಲು ಬೇಡ ನಾಯಕರ ಕಾಲದ್ದು. ಕಾಮಗೇತಿ ವಂಶದ ಮತ್ತಿ ತಿಮ್ಮಣ್ಣ ನಾಯಕ ಈ ಮನೆತನದ ಮೂಲಪುರುಷ. 16ನೇ ಶತಮಾನದಲ್ಲಿ ವಿಜಯನಗರದ ಅರಸರು ಅವನಿಗೆ ಹೊಳಲ್ಕೆರೆ, ಹಿರಿಯೂರು, ಚಿತ್ರದುರ್ಗದ ನಾಯಕತನ ಕೊಟ್ಟರು. ಅವನ ಬಗ್ಗೆ ಒಂದು ಕಥೆ ಹೇಳುತ್ತಾರೆ. ವಿಜಯನಗರದ ದಂಡಿನಿಂದ ಕುದುರೆ ಕದಿಯಲು ರಾತ್ರಿ ಲಾಯಕ್ಕೆ ನುಗ್ಗಿದ್ದನಂತೆ. ಸಪ್ಪಳವಾಗಿ ಹುಲ್ಲಿನಲ್ಲಿ ಅಡಗಿದ. ಲಾಯದವನು ಕುದುರೆಯ ಗೂಟ ಬಡಿಯುವಾಗ ಅದು ಇವನ ಅಂಗೈಯನ್ನೇ ತೂರಿತು. ತುಟಿ ಬಿಚ್ಚದೆ ಬಿದ್ದುಕೊಂಡಿದ್ದು, ಎಲ್ಲರೂ ಮಲಗಿದ ಮೇಲೆ ಕೈಯನ್ನೇ ಕಡಿದುಕೊಂಡು ಕುದುರೆ ಸಮೇತ ಪಾರಾದನಂತೆ. ಕಥೆ ನಿಜವೋ ಸುಳ್ಳೋ, ಈ ಜನ ತಮ್ಮ ಮೊದಲ ನಾಯಕನನ್ನು ಹೇಗೆ ನೆನೆಯಲು ಬಯಸಿದರು ಎಂಬುದಂತೂ ಗೊತ್ತಾಗುತ್ತದೆ. ಸಿಂಹಾಸನದ ವರ್ಣನೆ ಇಲ್ಲ, ನೋವು ತಡೆದ ಮನುಷ್ಯನ ವರ್ಣನೆ ಇದೆ.

1565ರಲ್ಲಿ ತಾಳಿಕೋಟೆ ಯುದ್ಧವಾಗಿ ವಿಜಯನಗರ ಕುಸಿದ ಮೇಲೆ ಇಂಥ ನಾಯಕರು ತಮ್ಮ ಕಾಲ ಮೇಲೆ ತಾವೇ ನಿಂತುಕೊಳ್ಳಬೇಕಾಯಿತು. ಸುತ್ತ ಬಿದನೂರು, ಹರಪನಹಳ್ಳಿ, ರಾಯದುರ್ಗ, ಬಸವಾಪಟ್ಟಣ, ತರೀಕೆರೆ ಹೀಗೆ ಒಂದೊಂದು ಊರಿಗೂ ಒಬ್ಬ ನಾಯಕ. ಇವತ್ತಿನ ಮಿತ್ರ ನಾಳೆಯ ಶತ್ರು. ಇಂಥ ಕಾಲದಲ್ಲಿ ಬೆಟ್ಟದ ಗೋಡೆಗಳು ಒಂದೊಂದು ತಲೆಮಾರಿಗೂ ಒಂದೊಂದು ಸುತ್ತು ಬೆಳೆದವು. ಕಸ್ತೂರಿ ರಂಗಪ್ಪ ನಾಯಕ ರಾಜ್ಯವನ್ನು ವಿಸ್ತರಿಸಿದ. 1689ರಿಂದ 1721ರವರೆಗೆ ಆಳಿದ ಭರಮಣ್ಣ ನಾಯಕ ಗುಡಿ, ಕೆರೆ, ಅಗಸೆಗಳನ್ನು ಕಟ್ಟಿಸಿದವನೆಂದೇ ಹೆಸರಾದ. ಊರ ಹೊರಗಿನ ಮುರುಘಾ ಮಠದ ಕಟ್ಟಡಕ್ಕೂ ಅವನ ಹೆಸರು ಸೇರಿಕೊಂಡಿದೆ.

ಕೋಟೆಗೆ 19 ಅಗಸೆ, 38 ದಿಡ್ಡಿ, 35 ಕಳ್ಳಗಿಂಡಿ, 4 ಗುಪ್ತದ್ವಾರ ಎಂಬ ಲೆಕ್ಕವನ್ನು ದುರ್ಗದವರು ಬಾಯಿಪಾಠವಾಗಿ ಒಪ್ಪಿಸುತ್ತಾರೆ. ಕೆಳಕೋಟೆಯ ರಂಗಯ್ಯನ ಬಾಗಿಲು, ಉಚ್ಚಂಗಿ ಬಾಗಿಲು, ಸಂತೆ ಬಾಗಿಲು ಇವತ್ತಿಗೂ ಊರಿನವರ ಬಾಯಲ್ಲಿ ವಿಳಾಸ ಹೇಳುವ ಗುರುತುಗಳು. ಒಳಗೆ ಮದ್ದು ಅರೆಯುತ್ತಿದ್ದ ದೈತ್ಯ ಬೀಸುಕಲ್ಲುಗಳಿವೆ. ಎಣ್ಣೆ ತುಂಬಿಡುತ್ತಿದ್ದ ಕೊಳಗಳಿವೆ. ಮೇಲುದುರ್ಗದಲ್ಲಿ ಮಣ್ಣಿನ ದಪ್ಪ ಗೋಡೆಗಳು ಇನ್ನೂ ನಿಂತಿವೆ. ಇನ್ನೂರು ಮುನ್ನೂರು ವರ್ಷದ ಮಳೆಗೆ ಕರಗದೆ ಉಳಿದ ಮಣ್ಣು ಅದು.

ಮೇಲಿನ ಹೊಂಡ, ಕೆಳಗಿನ ಹೊಂಡ

ಈಗ ನೀರಿಗೆ ಬರೋಣ. ಬರಿ ಬಂಡೆಯ ಮೇಲೆ ಬಿದ್ದ ಮಳೆ ಇಂಗುವುದು ಕಡಿಮೆ, ಹರಿಯುವುದೇ ಹೆಚ್ಚು. ರೈತನಿಗೆ ಇದು ಶಾಪ. ಕೋಟೆ ಕಟ್ಟುವವನಿಗೆ ಇದೇ ವರ. ಒಂದು ಎಕರೆ ಬಂಡೆಯ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ ಒಟ್ಟು ಸುಮಾರು 24 ಲಕ್ಷ ಲೀಟರ್ ನೀರು. ಅದರಲ್ಲಿ ಅರ್ಧ ಹಿಡಿದರೂ 12 ಲಕ್ಷ ಲೀಟರ್. ಬೆಟ್ಟದಲ್ಲಿ ಇಂಥ ಎಕರೆಗಳಿಗೆ ಬರವಿಲ್ಲ. ಹಿಡಿಯುವ ಜಾಗ ಗೊತ್ತಿರಬೇಕು, ಅಷ್ಟೆ.

ದುರ್ಗದವರಿಗೆ ಗೊತ್ತಿತ್ತು. ಎರಡು ಬಂಡೆಗಳ ನಡುವಿನ ತಗ್ಗಿಗೆ ಕಲ್ಲಿನ ಏರಿ ಹಾಕಿ ಹೊಂಡ ಮಾಡಿದರು. ಎಲ್ಲಕ್ಕಿಂತ ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿದರೆ ಹೆಚ್ಚುವರಿ ನೀರು ಅಕ್ಕ ತಂಗಿ ಹೊಂಡಕ್ಕೆ. ಅಲ್ಲಿಂದ ಇಳಿದು ಸಿಹಿನೀರು ಹೊಂಡಕ್ಕೆ. ಅದೂ ತುಂಬಿದರೆ ಊರಿನ ನಡುವಿನ ಸಂತೆ ಹೊಂಡಕ್ಕೆ. ಒಂದು ಹನಿಯೂ ಪೋಲಾಗದಂತೆ ನೀರು ಮೆಟ್ಟಿಲು ಇಳಿದಂತೆ ಇಳಿಯುತ್ತದೆ. ಮಳೆ ನೀರಿನೊಂದಿಗೆ ಬರುವ ಮರಳು, ಮಣ್ಣು, ಎಲೆ ಕಸ ಮೇಲಿನ ಹೊಂಡಗಳಲ್ಲೇ ತಳ ಸೇರುವುದರಿಂದ ಕೆಳಗೆ ಇಳಿದಂತೆ ನೀರು ತಿಳಿಯಾಗುತ್ತದೆ. ಪಂಪಿಲ್ಲ, ಪೈಪಿಲ್ಲ, ಇಳಿಜಾರು ಮಾತ್ರ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಂದೇ ದೊಡ್ಡ ಕೆರೆ ಕಟ್ಟಿದ್ದರೆ ಶತ್ರು ಅದನ್ನು ಹಿಡಿದ ದಿನವೇ ಕೋಟೆ ಬೀಳುತ್ತಿತ್ತು. ಇಲ್ಲಿ ಕೆಳಕೋಟೆ ಹೋದರೂ ಮೇಲುಕೋಟೆಯವರಿಗೆ ಅವರದೇ ನೀರು. ಗೋಡೆಯ ಪ್ರತಿ ಸುತ್ತಿನ ಹಿಂದೆ ಒಂದು ಹೊಂಡವೋ ದೊಣೆಯೋ ಇದ್ದರೆ ಮಾತ್ರ ಆ ಸುತ್ತಿಗೆ ಅರ್ಥ. ಏಳು ಸುತ್ತಿನ ಕೋಟೆ ಎಂದು ಹೆಮ್ಮೆ ಪಡುವಾಗ ನಾವು ಗೋಡೆಗಳನ್ನಷ್ಟೇ ಎಣಿಸುತ್ತೇವೆ.

ಆದರೆ ಇಂಥ ವ್ಯವಸ್ಥೆ ತಾನಾಗಿ ನಡೆಯುವುದಿಲ್ಲ. ಕೆರೆಯ ಊರಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪ್ರತಿ ಬೇಸಿಗೆಯಲ್ಲೂ ಹೂಳು ಎತ್ತಬೇಕು. ಮಳೆಗೆ ಮುಂಚೆ ಕಾಲುವೆಯ ಕಸ ತೆಗೆಯಬೇಕು. ಏರಿಯ ಸಂದಿನಲ್ಲಿ ಹುಟ್ಟಿದ ಅರಳಿ, ಆಲದ ಸಸಿಯನ್ನು ಬೇರೂರುವ ಮೊದಲೇ ಕೀಳಬೇಕು. ಕಲ್ಲು ಜಾರಿದರೆ ಮತ್ತೆ ಕೂರಿಸಬೇಕು. ಈ ಕೆಲಸ ಮಾಡಿದವರ ಹೆಸರು ಯಾವ ಶಾಸನದಲ್ಲೂ ಇರುವುದಿಲ್ಲ. ಕಟ್ಟಿಸಿದವನ ಹೆಸರು ಇರುತ್ತದೆ, ಕಾಪಾಡಿದವರ ಹೆಸರು ಇರುವುದಿಲ್ಲ.

ಈ ಹೆಸರಿಲ್ಲದವರ ನಡುವೆ ಜನ ಮರೆಯದೆ ಉಳಿಸಿಕೊಂಡ ಹೆಸರೊಂದಿದೆ. ಓಬವ್ವ. ಅವಳು ರಾಣಿಯಲ್ಲ, ದಳವಾಯಿಯ ಮಗಳಲ್ಲ. ಕಹಳೆ ಊದುವ ಕಾವಲುಗಾರ ಮುದ್ದಹನುಮನ ಹೆಂಡತಿ, ಛಲವಾದಿ ಸಮುದಾಯದವಳು. ಗಂಡ ಊಟಕ್ಕೆ ಕೂತಾಗ ಕುಡಿಯಲು ನೀರು ತರಲು ತಣ್ಣೀರು ದೋಣಿಯ ಕಡೆ ಹೋದಳು. ಅಲ್ಲಿ ಕಿಂಡಿಯಲ್ಲಿ ಹೈದರನ ಸೈನಿಕರು ಒಬ್ಬೊಬ್ಬರಾಗಿ ನುಸುಳುತ್ತಿರುವುದು ಕಂಡಿತು. ಮುಂದಿನದು ಎಲ್ಲರಿಗೂ ಗೊತ್ತು. 1972ರಲ್ಲಿ ಪುಟ್ಟಣ್ಣ ಕಣಗಾಲರ ನಾಗರಹಾವು ಸಿನಿಮಾ ಬಂದ ಮೇಲಂತೂ ಗೊತ್ತಿಲ್ಲದವರೇ ಇಲ್ಲ. ಸರ್ಕಾರ 2021ರಿಂದ ನವೆಂಬರ್ 11ರಂದು ಅವಳ ಜಯಂತಿ ಆಚರಿಸುತ್ತಿದೆ. ನಮ್ಮ ಕಣ್ಣು ಒನಕೆಯ ಮೇಲೆ ನಿಲ್ಲುತ್ತದೆ. ನನ್ನ ಕಣ್ಣು ಈಚೆಗೆ ಕೊಡದ ಮೇಲೆ ನಿಲ್ಲುತ್ತದೆ. ಕೋಟೆಯ ದುರ್ಬಲ ಜಾಗ ದಂಡನಾಯಕರ ಕಣ್ಣಿಗೆ ಬೀಳಲಿಲ್ಲ, ದಿನವೂ ನೀರಿಗೆ ಹೋಗುವ ಹೆಂಗಸಿನ ಕಣ್ಣಿಗೆ ಬಿತ್ತು. ಆ ಬೆಟ್ಟದ ಸಂದುಗೊಂದುಗಳನ್ನು ಬಲ್ಲವರು ಅಂಥವರೇ.

1779

ದುರ್ಗದ ಕೊನೆಯ ದಿನಗಳನ್ನು ಹೇಳುವ ಮೊದಲು 1748ರ ಮಾಯಕೊಂಡದ ಯುದ್ಧವನ್ನು ನೆನೆಯಬೇಕು. ಈಗಿನ ದಾವಣಗೆರೆ ಜಿಲ್ಲೆಯ ಮಾಯಕೊಂಡದಲ್ಲಿ ಬಿದನೂರು ಮತ್ತು ಅದರ ಮಿತ್ರರ ವಿರುದ್ಧ ಹೋರಾಡಿ ಹಿರೇ ಮದಕರಿ ನಾಯಕ ಸತ್ತ. ಆ ದಿನ ದುರ್ಗದ ಪರವಾಗಿ ನಿಂತು ಕಾದಾಡಿದವರಲ್ಲಿ ಆರ್ಕಾಟ್ ಸೀಮೆಯ ಚಂದಾಸಾಹೇಬನೂ ಇದ್ದ. ಅವನ ಮಗ ಅದೇ ರಣರಂಗದಲ್ಲಿ ಪ್ರಾಣ ಬಿಟ್ಟ. ಇದನ್ನು ಯಾಕೆ ಹೇಳಿದೆ ಎಂಬುದು ಮುಂದೆ ತಿಳಿಯುತ್ತದೆ.

ಕೊನೆಯ ಮದಕರಿ ನಾಯಕ ಪಟ್ಟಕ್ಕೆ ಬಂದಾಗ ಇನ್ನೂ ಎಳೆಯ ವಯಸ್ಸು. ಆ ಹೊತ್ತಿಗೆ ದಕ್ಷಿಣದ ಲೆಕ್ಕಾಚಾರವೇ ಬದಲಾಗಿತ್ತು. ಉತ್ತರಕ್ಕೆ ಪೇಶ್ವೆಯ ಮರಾಠರು, ದಕ್ಷಿಣಕ್ಕೆ ಹೈದರಾಲಿ. ನಡುವೆ ಸಿಕ್ಕಿದ ದುರ್ಗ ಇಬ್ಬರಿಗೂ ಬೇಕು. 1762ರಲ್ಲಿ ಹೈದರನಿಗೆ ಕಪ್ಪ ಒಪ್ಪಿಕೊಂಡ ಮದಕರಿ ಆಮೇಲೆ ಅವನ ದಂಡಯಾತ್ರೆಗಳಿಗೆ ಪಡೆ ಕಳಿಸಿದ. ಆದರೆ ಮರಾಠರ ಬಲ ಹೆಚ್ಚಿದಾಗ ಸುಮ್ಮನೆ ಕಾದು ನೋಡಿದ. ಸಣ್ಣ ರಾಜ್ಯಗಳಿಗೆ ಬೇರೆ ದಾರಿಯೂ ಇರಲಿಲ್ಲ. 1777ರಲ್ಲಿ ಹೈದರ್ ಮುತ್ತಿಗೆ ಹಾಕಿದ. ತಿಂಗಳುಗಟ್ಟಲೆ ಕೂತರೂ ಬೆಟ್ಟ ಬಗ್ಗಲಿಲ್ಲ. ಮರಾಠರ ದಂಡು ಬರುತ್ತಿದೆ ಎಂದು ತಿಳಿದು ಹೈದರ್ ಮುತ್ತಿಗೆ ಎತ್ತಬೇಕಾಯಿತು. ಅವರನ್ನು ಹಿಮ್ಮೆಟ್ಟಿಸಿ ಮತ್ತೆ ಬಂದ. 1779ರಲ್ಲಿ ಕೋಟೆ ಅವನ ಕೈಸೇರಿತು.

ಕೋಟೆಯೊಳಗಿನ ಸೇನೆಯ ಒಂದು ಭಾಗ ಕೈಕೊಟ್ಟಿತು, ಅದು ನಾಯಕನ ಬಳಿ ಕೆಲಸಕ್ಕಿದ್ದ ಮುಸ್ಲಿಂ ಸೈನಿಕರ ಪಡೆ ಎಂದು ಬ್ರಿಟಿಷರ ಕಾಲದ ಇತಿಹಾಸಗಳು ಬರೆದಿವೆ. ಇದೊಂದು ಸಾಲನ್ನು ಹಿಡಿದು ದುರ್ಗದ ಇಡೀ ಕಥೆಯನ್ನು ಒಂದು ಧರ್ಮದವರ ದ್ರೋಹವನ್ನಾಗಿ ಹೇಳುವುದು ಈಚೆಗೆ ಜಾಸ್ತಿಯಾಗಿದೆ. ಹಾಗೆ ಹೇಳುವವರು ಮಾಯಕೊಂಡದಲ್ಲಿ ದುರ್ಗಕ್ಕಾಗಿ ಮಗನನ್ನು ಕಳೆದುಕೊಂಡ ಚಂದಾಸಾಹೇಬನನ್ನು ಮರೆಯುತ್ತಾರೆ. ಅದೇ ಯುದ್ಧದಲ್ಲಿ ದುರ್ಗದ ಎದುರು ನಿಂತದ್ದು ಬಿದನೂರಿನ ಲಿಂಗಾಯತ ಅರಸರ ಸೈನ್ಯ ಎಂಬುದನ್ನೂ ಮರೆಯುತ್ತಾರೆ. 18ನೇ ಶತಮಾನದ ಸೈನಿಕ ಸಂಬಳ ಕೊಟ್ಟವನ ಪರ ಹೋರಾಡುತ್ತಿದ್ದ, ಗೆಲ್ಲುವವನ ಕಡೆ ವಾಲುತ್ತಿದ್ದ. ಎರಡು ವರ್ಷದ ಮುತ್ತಿಗೆ, ಎರಡು ದೊಡ್ಡ ಶಕ್ತಿಗಳ ನಡುವಿನ ಇಕ್ಕಟ್ಟು, ಹೊರಗಿನಿಂದ ಬಾರದ ನೆರವು: ಇವೆಲ್ಲ ಸೇರಿ ದುರ್ಗವನ್ನು ಕೆಡವಿದವು.

ಕೋಟೆ ಖಾಲಿಯಾದದ್ದು

ನನ್ನ ಮಟ್ಟಿಗೆ 1779ರ ದೊಡ್ಡ ಘಟನೆ ಕೋಟೆ ಬಿದ್ದದ್ದಲ್ಲ, ಆಮೇಲೆ ನಡೆದದ್ದು. ಮದಕರಿ ನಾಯಕನನ್ನು ಕುಟುಂಬ ಸಮೇತ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ದರು. ಅವನ ಹಿಂದೆ ಇನ್ನೂ ಬಹಳ ಜನ ಹೋದರು. ದುರ್ಗದ ಸೀಮೆಯ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣದ ಕಡೆಗೆ ಸಾಗಿಸಿದರು ಎಂದು ಬಿ.ಎಲ್. ರೈಸ್ ಸಂಪಾದಿಸಿದ ಮೈಸೂರು ಗೆಜೆಟಿಯರ್ ಹೇಳುತ್ತದೆ. ಗಂಡು ಹುಡುಗರನ್ನು ಚೇಲಾ ಪಡೆಗಳಿಗೆ ಸೇರಿಸಿದರು.

ಆ ಸಂಖ್ಯೆ ಸ್ವಲ್ಪ ಹೆಚ್ಚೋ ಕಡಿಮೆಯೋ ಇರಬಹುದು. ಆದರೆ ಅದರ ಅರ್ಥ ಏನು ಎಂದು ಯೋಚಿಸಿ. ಬೆಟ್ಟದ ಯಾವ ಸಂದಿನಲ್ಲಿ ಬೇಸಿಗೆಯಲ್ಲೂ ನೀರು ಒಸರುತ್ತದೆ, ಯಾವ ಕಾಲುವೆಗೆ ಎಲ್ಲಿ ಕಸ ಕಟ್ಟುತ್ತದೆ, ಯಾವ ಏರಿಯ ಕಲ್ಲು ಪ್ರತಿ ಮಳೆಗಾಲಕ್ಕೂ ಅಲ್ಲಾಡುತ್ತದೆ ಎಂದು ತಲೆಮಾರುಗಳಿಂದ ಬಲ್ಲ ಜನ ಒಂದೇ ಏಟಿಗೆ ಬೆಟ್ಟ ಬಿಟ್ಟು ಹೋದರು. ಅವರ ತಿಳಿವಳಿಕೆ ಯಾವ ಪುಸ್ತಕದಲ್ಲೂ ಇರಲಿಲ್ಲ, ಅವರ ಕಾಲು ಕೈಗಳಲ್ಲಿತ್ತು. ಅದೂ ಅವರ ಜೊತೆಗೇ ಹೋಯಿತು.

ಹೈದರ್ ಮತ್ತು ಟಿಪ್ಪು ಕೋಟೆಯನ್ನು ಹಾಳುಗೆಡವಲಿಲ್ಲ, ಬಲಪಡಿಸಿದರು. ಕೆಳಕೋಟೆಯ ಗೋಡೆಗಳ ಕೆಲಸವಾಯಿತು, ಮಸೀದಿ ಬಂತು. ಟಿಪ್ಪು ಊರಿಗೆ ಫರೂಕ್‌ಯಾಬ್ ಹಿಸಾರ್ ಎಂದು ಹೆಸರಿಟ್ಟ, ಅದು ಜನರ ಬಾಯಲ್ಲಿ ನಿಲ್ಲಲಿಲ್ಲ. ಆದರೆ ಆಗ ದುರ್ಗ ರಾಜಧಾನಿಯಲ್ಲ, ದೂರದ ಶ್ರೀರಂಗಪಟ್ಟಣದ ಒಂದು ಠಾಣ್ಯ. ಇಲ್ಲಿ ಇದ್ದವರು ಆಳುವವರ ಆಜ್ಞೆಯ ಮೇಲೆ ಬಂದವರು, ಆಜ್ಞೆಯ ಮೇಲೆ ಹೋಗುವವರು.

1799ರಲ್ಲಿ ಟಿಪ್ಪು ಸತ್ತ ಮೇಲೆ ದುರ್ಗ ಮೈಸೂರು ಒಡೆಯರ ರಾಜ್ಯಕ್ಕೆ ಸೇರಿತು. ಕೆಲವು ವರ್ಷ ಬ್ರಿಟಿಷರ ಪಡೆ ಇಲ್ಲಿ ಬೀಡುಬಿಟ್ಟಿತ್ತು. ಜಾಗ ಆರೋಗ್ಯಕ್ಕೆ ಒಗ್ಗುವುದಿಲ್ಲ ಎಂದು ಅವರು ಬಿಟ್ಟು ಹೊರಟರು. ಶತಮಾನಗಟ್ಟಲೆ ಜನ ತುಂಬಿ ಬದುಕಿದ ಬೆಟ್ಟ ಇಪ್ಪತ್ತು ಮೂವತ್ತು ವರ್ಷದಲ್ಲಿ ಯಾಕೆ ಒಗ್ಗದ ಜಾಗವಾಯಿತು? ಜ್ವರಕ್ಕೆ ಕಾರಣಗಳು ಹಲವು ಇರಬಹುದು. ಹೂಳೆತ್ತದ ಹೊಂಡ, ನಿಂತ ನೀರು, ಅದರಲ್ಲಿ ಹುಟ್ಟುವ ಸೊಳ್ಳೆ ಎಂದು ನನಗೆ ಅನುಮಾನ.

ಆಮೇಲೆ ಕೋಟೆಗೆ ಕೆಲಸವೇ ಉಳಿಯಲಿಲ್ಲ. ಫಿರಂಗಿಗಳು ದೊಡ್ಡವಾದವು, ಪಾಳೆಯಗಾರರು ಹೋದರು, ಕಚೇರಿಗಳು ಬಯಲಿಗೆ ಬಂದವು. ಊರು ಬೆಟ್ಟದಿಂದ ಪೂರ್ತಿ ಇಳಿಯಿತು. ಎರಡು ಸಾವಿರ ವರ್ಷದ ಹಿಂದೆ ಚಂದ್ರವಳ್ಳಿಯ ಬುಡದಲ್ಲಿ ಹುಟ್ಟಿದ ಊರು ಬೆಟ್ಟ ಹತ್ತಿ, ಇಳಿದು, ಇನ್ನೊಂದು ಬುಡಕ್ಕೆ ಬಂದು ಕೂತಿತು. ಮೇಲೆ ಉಳಿದದ್ದು ದೇವರುಗಳು. ಏಕನಾಥೇಶ್ವರಿಗೆ ಇವತ್ತಿಗೂ ಪೂಜೆಯಾಗುತ್ತದೆ, ಜಾತ್ರೆಯಾಗುತ್ತದೆ. ಉಳಿದದ್ದಕ್ಕೆ ಪುರಾತತ್ವ ಇಲಾಖೆಯ ನೀಲಿ ಫಲಕ ಬಂತು.

ದುರ್ಗದ ನೆನಪನ್ನು ಉಳಿಸಿದವರು ಬರಹಗಾರರು. ಎಂ.ಎಸ್. ಪುಟ್ಟಣ್ಣ ಇಲ್ಲಿನ ಪಾಳೆಯಗಾರರ ಇತಿಹಾಸ ಬರೆದರು. ಇದೇ ಸೀಮೆಯ ತ.ರಾ. ಸುಬ್ಬರಾಯರು ಕಂಬನಿಯ ಕುಯಿಲು, ರಕ್ತರಾತ್ರಿ, ತಿರುಗುಬಾಣದಿಂದ ಹಿಡಿದು ದುರ್ಗಾಸ್ತಮಾನದವರೆಗೆ ಕಾದಂಬರಿಗಳ ಸಾಲನ್ನೇ ಬರೆದರು. ದುರ್ಗಾಸ್ತಮಾನಕ್ಕೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರು ಬದುಕಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಓದು ಬಾರದವರಿಗೂ ಮದಕರಿಯ ಕಥೆ ಗೊತ್ತಿದ್ದರೆ ಅದಕ್ಕೆ ಲಾವಣಿ ಹಾಡುವವರ ಜೊತೆ ಇವರೂ ಕಾರಣ.

ಈಗ ನೀರು ಎಲ್ಲಿಂದ?

ಮೇಷ್ಟ್ರ ಪ್ರಶ್ನೆಯನ್ನು ಇವತ್ತಿನ ಚಿತ್ರದುರ್ಗಕ್ಕೆ ಕೇಳಿದರೆ? ನಗರಕ್ಕೆ ಕುಡಿಯುವ ನೀರು ಬರುವುದು ಹಿರಿಯೂರಿನ ಹತ್ತಿರ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದಿಂದ, ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರದಿಂದ. ಎರಡೂ ದೂರದ ನೀರು, ಕರೆಂಟಿನ ಬಲದಿಂದ ಏರುವ ನೀರು. ಜಿಲ್ಲೆಯ ಹೊಲಗಳು ಭದ್ರಾ ಮೇಲ್ದಂಡೆ ಯೋಜನೆಗೆ ಕಾಯುತ್ತಿವೆ. 2023ರ ಕೇಂದ್ರ ಬಜೆಟ್‌ನಲ್ಲಿ ಅದಕ್ಕೆ 5,300 ಕೋಟಿ ರೂಪಾಯಿ ಘೋಷಣೆಯಾದ ದಿನ ನಮ್ಮ ಕಡೆ ಪಟಾಕಿ ಹೊಡೆದಿದ್ದರು. ಆಮೇಲೆ ಆ ಹಣ ಎಲ್ಲಿ ಎಂದು ಧರಣಿಗಳೂ ನಡೆದವು. ಅದೂ ಬರಲಿ, ಬರಬೇಕು. ಆದರೆ ನಮ್ಮದೇ ಬೆಟ್ಟದ ಮೇಲೆ ಬೀಳುವ ನೀರನ್ನು ಹಿಡಿಯುವ ವಿದ್ಯೆ ಒಂದು ಕಾಲಕ್ಕೆ ನಮ್ಮಲ್ಲಿತ್ತು ಎಂಬುದನ್ನು ಮರೆತು ಕಾಯಬೇಕಾಗಿಲ್ಲ.

ಕೋಟೆಯ ಸಂರಕ್ಷಣೆ ಎಂದರೆ ನಾವು ಗೋಡೆ, ಬುರುಜು, ಕೆತ್ತನೆ ಎಂದುಕೊಳ್ಳುತ್ತೇವೆ. ಕಲ್ಲು ಬಿದ್ದರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ, ಆಗಲೇಬೇಕು. ಕಾಲುವೆ ಮುಚ್ಚಿದರೆ ಸುದ್ದಿಯಾಗುವುದಿಲ್ಲ. ಮೇಲಿನ ಹೊಂಡದಿಂದ ಕೆಳಗಿನ ಹೊಂಡಕ್ಕೆ ನೀರು ಇಳಿಯುವ ದಾರಿಯೂ ಸ್ಮಾರಕವೇ. ಬೆಟ್ಟದ ಬುಡ ದಾಟಿ ಊರಿನೊಳಗೆ ಬಂದ ಮೇಲೆ ಆ ದಾರಿ ಮನೆ, ಅಂಗಡಿ, ಚರಂಡಿಗಳ ನಡುವೆ ಹಾದುಹೋಗಬೇಕು. ಅದನ್ನು ಕಾಯುವುದು ಒಂದು ಇಲಾಖೆಯಿಂದ ಆಗುವ ಕೆಲಸವಲ್ಲ. ಹಿಂದೆಯೂ ಅದು ಊರಿನ ಕೆಲಸವೇ ಆಗಿತ್ತು.

ಮಳೆ ಬಿದ್ದು ಎರಡು ದಿನವಾದ ಮೇಲೆ ಒಮ್ಮೆ ದುರ್ಗಕ್ಕೆ ಹೋಗಿ. ಗೋಪಾಲಸ್ವಾಮಿ ಹೊಂಡದ ಹತ್ತಿರ ಸ್ವಲ್ಪ ಹೊತ್ತು ಕೂತು, ಅಲ್ಲಿಂದ ನೀರು ಹೋಗುವ ದಿಕ್ಕಿನಲ್ಲೇ ಕೆಳಗೆ ನಡೆಯಿರಿ. ಅಕ್ಕ ತಂಗಿ ಹೊಂಡ, ಸಿಹಿನೀರು ಹೊಂಡ, ಸಂತೆ ಹೊಂಡ. ಎಲ್ಲಿ ನೀರು ನಿಮ್ಮ ಜೊತೆ ಬರುತ್ತದೆ, ಎಲ್ಲಿ ನಿಂತುಬಿಡುತ್ತದೆ ಎಂದು ಗುರುತು ಹಾಕಿಕೊಳ್ಳಿ. ಓಬವ್ವನ ಕಿಂಡಿಯನ್ನೂ ನೋಡಿ, ನುಸುಳಲು ಆದರೆ ನುಸುಳಿ. ಹಾಗೆಯೇ ಅವಳು ಕೊಡ ಹಿಡಿದು ಹೊರಟಿದ್ದ ಆ ತಣ್ಣೀರು ದೋಣಿಯಲ್ಲಿ ಈಗ ನೀರು ಎಷ್ಟಿದೆ, ಹೇಗಿದೆ ಎಂದು ಬಗ್ಗಿ ನೋಡಿ ಬನ್ನಿ.